ಮೂಗಿನ ನಡುಗೋಡೆ ನೇರ ಮಾಡಿಸಿಕೊಂಡಾಗ

ನನ್ನ ಬಲಗಡೆಯ ಹೊಳ್ಳೆ ಎಂದೂ ಪೂರ್ತಿ ತೆರೆದಿರಲಿಲ್ಲ. ನೆಗಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಡ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು ಬಲಗಡೆಯಿಂದ ಉಸಿರೆಳೆದರೆ ಸಣ್ಣ ಸೀಟಿಯಂಥ ಸದ್ದು ಬರುತ್ತಿತ್ತೇ ಹೊರತು ಎದೆ ತುಂಬುವಷ್ಟು ಗಾಳಿ ಬರುತ್ತಿರಲಿಲ್ಲ. ಬೆಳಗ್ಗೆ ಏಳುವಾಗ ಬಾಯಿ ಒಣಗಿ ನಾಲಿಗೆ ಅಂಗಳಕ್ಕೆ ಅಂಟಿರುತ್ತಿತ್ತು. ಎಂಟು ಗಂಟೆ ಮಲಗಿದರೂ ನಿದ್ದೆ ಮುಗಿದ ಹಾಗೆ ಅನ್ನಿಸುತ್ತಿರಲಿಲ್ಲ. ಚಿಕ್ಕಂದಿನಿಂದ ಹೀಗೇ ಇದ್ದವರಿಗೆ ಇದೊಂದು ತೊಂದರೆ ಎಂದು ಹೊಳೆಯುವುದೇ ಕಷ್ಟ; ಹೋಲಿಸಿ ನೋಡಲು ಬೇರೆ ಉಸಿರೇ ನಮ್ಮಲ್ಲಿ ಇರುವುದಿಲ್ಲ.

ಇಎನ್‌ಟಿ ವೈದ್ಯರು ಮೂಗಿನೊಳಗೆ ಬೆಳಕು ಬಿಡುವ ಮೊದಲೇ ಕೇಳಿದ ಪ್ರಶ್ನೆ ಒಂದೇ: 'ಯಾವಾಗಲೂ ಒಂದೇ ಕಡೆ ಕಟ್ಟುತ್ತದೆಯೋ, ಬದಲಾಗುತ್ತದೆಯೋ?' ಆಗ ಅದರ ಮಹತ್ವ ತಿಳಿಯಲಿಲ್ಲ. ಈಗ ಅನ್ನಿಸುತ್ತದೆ, ಮುಂದೆ ನಡೆದದ್ದೆಲ್ಲ ಆ ಪ್ರಶ್ನೆಯ ಮೇಲೇ ನಿಂತಿತ್ತು. ಆರೋಗ್ಯವಂತರಲ್ಲೂ ಎರಡು ಹೊಳ್ಳೆಗಳು ಸಮನಾಗಿ ತೆರೆದಿರುವುದಿಲ್ಲ. ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆಯ ಒಳಪೊರೆಗೆ ರಕ್ತ ತುಂಬಿ ಊದಿಕೊಳ್ಳುತ್ತದೆ, ಇನ್ನೊಂದು ಕಡೆಯದು ಕುಗ್ಗುತ್ತದೆ, ಆಮೇಲೆ ಅದಲು ಬದಲಾಗುತ್ತದೆ. ಇದನ್ನು ಮೂಗಿನ ಚಕ್ರ ಎನ್ನುತ್ತಾರೆ. ರಿಚರ್ಡ್ ಕೈಸರ್ ಎಂಬ ಜರ್ಮನ್ ವೈದ್ಯರು 1895ರಲ್ಲೇ ಇದನ್ನು ವಿವರಿಸಿದ್ದರು. ಆದ್ದರಿಂದ ಒಮ್ಮೆ ಎಡ, ಒಮ್ಮೆ ಬಲ ಕಟ್ಟುತ್ತಿದ್ದರೆ ಅನುಮಾನ ಮೊದಲು ಹೋಗುವುದು ಪೊರೆಯ ಕಡೆಗೆ: ಅಲರ್ಜಿ, ಉರಿಯೂತ, ಧೂಳು. ವರ್ಷಗಟ್ಟಲೆ ಒಂದೇ ಕಡೆ ಕಟ್ಟಿದ್ದರೆ ಅಲ್ಲಿ ಕದಲದ ಏನೋ ಅಡ್ಡ ಇದೆ ಎಂದು ಅನುಮಾನಿಸಬೇಕು. ನನ್ನದು ಒಂದೇ ಕಡೆ.

ಪರೀಕ್ಷೆ ಸರಳವಾಗಿತ್ತು. ತಣ್ಣನೆಯ ಲೋಹದ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಲು ಹೇಳಿದರು. ಎಡಗಡೆ ಅಗಲವಾದ ಮಂಜಿನ ಕಲೆ ಮೂಡಿತು, ಬಲಗಡೆ ಚುಕ್ಕಿಯಷ್ಟು. ಆಮೇಲೆ ಬಲಗೆನ್ನೆಯನ್ನು ಬೆರಳಿನಿಂದ ಹೊರಗಡೆಗೆ ಎಳೆದು ಉಸಿರಾಡಿಸಿದರು, ಸ್ವಲ್ಪ ಸಲೀಸಾಯಿತು. ಹಾಗೆ ಸಲೀಸಾದರೆ ಅಡಚಣೆ ಮೂಗಿನ ಮುಂಭಾಗದಲ್ಲಿ, ಕವಾಟ ಎಂದು ಕರೆಯುವ ಇಕ್ಕಟ್ಟಿನ ಜಾಗದಲ್ಲಿ ಇರಬಹುದು ಎಂದರ್ಥವಂತೆ. ಕೊನೆಗೆ ಮರಗಟ್ಟಿಸುವ ಔಷಧ ಸಿಂಪಡಿಸಿ ತೆಳ್ಳನೆಯ ಎಂಡೋಸ್ಕೋಪ್ ಒಳಗೆ ಬಿಟ್ಟರು. ನೋವಿರಲಿಲ್ಲ, ಕಣ್ಣಲ್ಲಿ ನೀರು ಬಂತು ಅಷ್ಟೇ. ಪರದೆಯ ಮೇಲೆ ನನ್ನ ಮೂಗಿನ ಒಳಗನ್ನು ನಾನೇ ನೋಡಿದೆ. ನೇರವಾಗಿ ನಿಲ್ಲಬೇಕಿದ್ದ ಗೋಡೆ ಬಲಕ್ಕೆ ಉಬ್ಬಿ ಪಕ್ಕದ ಗೋಡೆಗೆ ಹೆಚ್ಚುಕಡಿಮೆ ತಾಗಿತ್ತು. ತಳದಲ್ಲಿ ಮೂಳೆಯ ಮೊನೆಯೊಂದು ಚಾಚಿತ್ತು.

ಮೂಗಿನ ನಡುಗೋಡೆ ಒಂದೇ ತುಂಡಲ್ಲ ಎಂಬುದು ನನಗೆ ಅಂದೇ ತಿಳಿದದ್ದು. ಮುಂದೆ ಬಳುಕುವ ಮೃದ್ವಸ್ಥಿ, ಹಿಂದೆ ಮೇಲ್ಗಡೆ ಒಂದು ತೆಳು ಮೂಳೆ, ಹಿಂದೆ ಕೆಳಗಡೆ ಇನ್ನೊಂದು ಮೂಳೆ. ಇವು ಕೂಡುವ ಕಡೆಗಳಲ್ಲೇ ಇಂಥ ಮೊನೆಗಳು ಹೆಚ್ಚಾಗಿ ಬೆಳೆಯುತ್ತವೆ. ಬಾಲ್ಯದಲ್ಲಿ ಮೂಗಿಗೆ ಬಿದ್ದ ಪೆಟ್ಟಿನಿಂದ ಸೊಟ್ಟಗಾಗಬಹುದು, ಬೆಳೆಯುತ್ತಲೇ ಸೊಟ್ಟಗಾಗಬಹುದು, ಕಾರಣ ಸಿಗದೆಯೂ ಇರಬಹುದು. ಬಹುಪಾಲು ಜನರ ನಡುಗೋಡೆ ಸ್ವಲ್ಪವಾದರೂ ವಾಲಿರುತ್ತದೆ, ಅವರಿಗೆ ಏನೂ ತೊಂದರೆ ಇರುವುದಿಲ್ಲ. ಸಿಟಿ ಸ್ಕ್ಯಾನ್ ವರದಿಯಲ್ಲಿ 'ಡಿಎನ್‌ಎಸ್' (ನಡುಗೋಡೆ ಸೊಟ್ಟಗಿದೆ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಮೂರಕ್ಷರ ಕಂಡು ಗಾಬರಿಯಾಗುವವರನ್ನು ಆಮೇಲೆ ಬಹಳ ನೋಡಿದೆ. ಅವರಿಗೆ ನಾನು ಹೇಳುವುದು ಇಷ್ಟೇ: ಗೋಡೆ ಎಷ್ಟು ಸೊಟ್ಟ ಎನ್ನುವುದಕ್ಕಿಂತ ಎಲ್ಲಿ ಸೊಟ್ಟ ಎನ್ನುವುದು ದೊಡ್ಡದು. ಹೊಳ್ಳೆಯ ಬಾಯಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಒಳಗಿರುವ ಆ ಕವಾಟವೇ ಇಡೀ ಉಸಿರಿನ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ. ದಾರಿ ಕಿರಿದಾದಷ್ಟೂ ತಡೆ ಅದೇ ಅಳತೆಯಲ್ಲಿ ಏರುವುದಿಲ್ಲ, ಹಲವು ಪಟ್ಟು ಏರುತ್ತದೆ. ಅಲ್ಲಿ ಒಂದೆರಡು ಮಿಲಿಮೀಟರ್ ಹೋದರೂ ಉಸಿರಿಗೆ ಗೊತ್ತಾಗುತ್ತದೆ. ಅಷ್ಟೇ ಬಾಗು ಇನ್ನೂ ಹಿಂದೆ, ಅಗಲವಾದ ಕಡೆ ಇದ್ದರೆ ಒಡೆಯನಿಗೆ ಅದರ ಸುಳಿವೇ ಇರುವುದಿಲ್ಲ.

ಇನ್ನೊಂದು ಸಂಗತಿಯೂ ಪರದೆಯ ಮೇಲೆ ಕಂಡಿತು. ಎಡಗಡೆ ಜಾಗ ಹೆಚ್ಚಿತ್ತಲ್ಲ, ಅಲ್ಲಿ ಟರ್ಬಿನೇಟ್ ದಪ್ಪಗಾಗಿ ಆ ಜಾಗವನ್ನು ಅರ್ಧ ತುಂಬಿಕೊಂಡಿತ್ತು. ಟರ್ಬಿನೇಟ್ ಎಂದರೆ ಮೂಗಿನ ಪಕ್ಕದ ಗೋಡೆಯಿಂದ ಸುರುಳಿಯಾಗಿ ಇಳಿಬಿದ್ದಿರುವ ಮೂಳೆ, ಅದರ ಮೇಲೆ ರಕ್ತ ತುಂಬಿದ ಪೊರೆ. ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳು ಹಿಡಿದಿಡುವುದು ಇದರ ಕೆಲಸ. ಎಷ್ಟೋ ಜನ ಇದನ್ನು ದುರ್ಮಾಂಸ ಎಂದುಕೊಂಡು ಕತ್ತರಿಸಿ ತೆಗೆಸಬೇಕು ಎನ್ನುತ್ತಾರೆ. ಅದು ಎಲ್ಲರ ಮೂಗಿನಲ್ಲೂ ಇರುವ, ಇರಲೇಬೇಕಾದ ಅಂಗ. ಅತಿಯಾಗಿ ಕತ್ತರಿಸಿದರೆ ಮೂಗು ಒಳಗೆ ಖಾಲಿ ಇದ್ದರೂ ಉಸಿರು ಸಾಲದಂತೆ ಒದ್ದಾಡುವ ಸ್ಥಿತಿ ಬರಬಹುದು. ಇದು ಗೊತ್ತಿರುವ ವೈದ್ಯರು ಸಿಕ್ಕಿದ್ದಕ್ಕೆ ನನಗೆ ಈಗಲೂ ಸಮಾಧಾನ.

ಶಸ್ತ್ರಚಿಕಿತ್ಸೆಯ ಮಾತು ಅಂದೇ ಬರಲಿಲ್ಲ. ಕೆಲವು ವಾರ ಸ್ಟೀರಾಯ್ಡ್ ಸ್ಪ್ರೇ ಬಳಸಿ, ಉಪ್ಪುನೀರಿನಿಂದ ಮೂಗು ತೊಳೆದುಕೊಂಡು ಬನ್ನಿ ಎಂದರು. ಸ್ಪ್ರೇ ಹೊಡೆಯುವ ರೀತಿಯನ್ನೂ ಹೇಳಿಕೊಟ್ಟರು: ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ನಡುಗೋಡೆಯ ಕಡೆಗಲ್ಲ, ಆ ಕಡೆಯ ಕಣ್ಣಿನ ಹೊರಮೂಲೆಯ ಕಡೆಗೆ ತಿರುಗಿರಬೇಕು. ಗೋಡೆಗೇ ಹೊಡೆಯುತ್ತಿದ್ದರೆ ಪೊರೆ ಒಣಗಿ ರಕ್ತ ಒಸರುತ್ತದೆ. ಮೂಗು ತಕ್ಷಣ ತೆರೆಸುವ ಡ್ರಾಪ್ಸ್ ಬೇರೆ, ಇದು ಬೇರೆ ಎಂದೂ ಒತ್ತಿ ಹೇಳಿದರು. ಆ ಡ್ರಾಪ್ಸ್ ರಕ್ತನಾಳ ಕುಗ್ಗಿಸುತ್ತವೆ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಬಿಟ್ಟ ಕೂಡಲೇ ಪೊರೆ ಮೊದಲಿಗಿಂತ ಹೆಚ್ಚು ಊದಿ, ಔಷಧವೇ ಕಾಯಿಲೆಯಾಗುತ್ತದೆ. ಕೆಲವು ವಾರಗಳ ನಂತರ ಎಡಗಡೆ ಚೆನ್ನಾಗಿ ತೆರೆಯಿತು. ಬಲಗಡೆ ಹಾಗೇ ಇತ್ತು. ಪೊರೆಯ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂಬ ಲೆಕ್ಕ ಹೀಗೆ ಸಿಕ್ಕಿತು. ಈ ಹಂತವನ್ನು ದಾಟಿಸಿಬಿಡುವ ಆತುರ ಯಾರಿಗೂ ಬೇಡ.

ಆದರೂ ಶಸ್ತ್ರಚಿಕಿತ್ಸೆಗೆ ಒಪ್ಪಲು ನನಗೆ ಧೈರ್ಯ ಬೇಕಿತ್ತು. ಔಷಧದಲ್ಲೇ ದಿನ ತಳ್ಳಬಹುದಲ್ಲ ಎಂಬ ಯೋಚನೆ ಬಿಡಲಿಲ್ಲ. ಇದೇ ಪ್ರಶ್ನೆಯನ್ನು ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 378 ವಯಸ್ಕರ ಮೇಲೆ ಪರೀಕ್ಷಿಸಿ, 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಒಂದು ಗುಂಪಿಗೆ ಸೆಪ್ಟೋಪ್ಲಾಸ್ಟಿ, ಅಂದರೆ ನಡುಗೋಡೆ ನೇರ ಮಾಡುವ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಆರು ತಿಂಗಳು ಸ್ಟೀರಾಯ್ಡ್ ಮತ್ತು ಉಪ್ಪುನೀರಿನ ಸ್ಪ್ರೇ. ಆರು ತಿಂಗಳ ಕೊನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ತೊಂದರೆಯ ಅಂಕ ಮತ್ತೊಂದು ಗುಂಪಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಇದನ್ನು ಓದಿದ ಮೇಲೆ ಮನಸ್ಸು ಗಟ್ಟಿಯಾಯಿತು. ಆ ಅಧ್ಯಯನಕ್ಕೆ ಸೇರಿದವರೆಲ್ಲ ಉಸಿರಿನ ತೊಂದರೆ ಇದ್ದೇ ಬಂದವರು, ಬರೀ ಸ್ಕ್ಯಾನ್‌ನಲ್ಲಿ ಸೊಟ್ಟ ಕಂಡವರಲ್ಲ ಎಂಬುದನ್ನೂ ಮರೆಯಬಾರದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರು ಎಲ್ಲ ಅಪಾಯಗಳನ್ನೂ ಬಿಡಿಸಿ ಹೇಳಿದರು. ರಕ್ತಸ್ರಾವ, ಸೋಂಕು, ಗೋಡೆಯಲ್ಲಿ ತೂತು ಬೀಳುವುದು, ಮೇಲಿನ ಮುಂಬಲ್ಲುಗಳು ಮರಗಟ್ಟುವುದು, ವಾಸನೆ ಕಡಿಮೆಯಾಗುವುದು, ತೀರಾ ಅಪರೂಪಕ್ಕೆ ಮೂಗಿನ ಬೆನ್ನು ಕುಸಿಯುವುದು. ಈ ಕೊನೆಯದಕ್ಕೆ ಒಂದು ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೀರ್ ಮತ್ತು ಕಿಲಿಯನ್ ಎಂಬ ವೈದ್ಯರು ರೂಪಿಸಿದ ವಿಧಾನದಲ್ಲಿ ಪೊರೆ ಬಿಡಿಸಿ ಸೊಟ್ಟ ಭಾಗವನ್ನು ಧಾರಾಳವಾಗಿ ತೆಗೆಯುತ್ತಿದ್ದರು. ಆಧಾರ ಕಳೆದುಕೊಂಡ ಕೆಲವು ಮೂಗುಗಳು ಕಾಲಕ್ರಮೇಣ ತಗ್ಗಿದವು. ಶತಮಾನದ ಮಧ್ಯದ ಹೊತ್ತಿಗೆ ಮಾರಿಸ್ ಕಾಟಲ್ ಮೊದಲಾದವರು ತೆಗೆಯುವುದಕ್ಕಿಂತ ಉಳಿಸಿ ನೇರ ಮಾಡುವ ದಾರಿ ತೋರಿಸಿದರು. ಇಂದು ಮುಂದಿನ ಅಂಚಿನಲ್ಲೂ ಮೇಲಿನ ಅಂಚಿನಲ್ಲೂ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಮೃದ್ವಸ್ಥಿಯನ್ನು ಮುಟ್ಟದೆ ಬಿಡುತ್ತಾರೆ. ಮೂಗು ನಿಲ್ಲುವುದು ಆ ಚೌಕಟ್ಟಿನ ಮೇಲೆ.

'ಗೊರಕೆ ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ, ಅಲರ್ಜಿಯಂತೂ ಹೋಗುವುದೇ ಇಲ್ಲ' ಎಂದರು ನನ್ನ ವೈದ್ಯರು. ಗೊರಕೆ ಗಂಟಲಿನಿಂದಲೂ ಬರುತ್ತದೆ. ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇದ್ದವರಿಗೆ ಮೂಗಿನ ಶಸ್ತ್ರಚಿಕಿತ್ಸೆಯೊಂದೇ ಸಾಮಾನ್ಯವಾಗಿ ಸಾಲದು. ಇಷ್ಟು ನೇರವಾಗಿ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ತಯಾರಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ರಕ್ತ ಪರೀಕ್ಷೆಗಳು, ರಕ್ತ ತೆಳುವಾಗಿಸುವ ಆಸ್ಪಿರಿನ್, ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ನಿಲ್ಲಿಸುವುದು, ಹಿಂದಿನ ರಾತ್ರಿಯಿಂದ ಉಪವಾಸ. ಒಂದು ಸಲಹೆ ಮಾತ್ರ ಬಹಳ ಉಪಯೋಗಕ್ಕೆ ಬಂತು. ಅರಿವಳಿಕೆಯ ವೈದ್ಯರು, 'ಎಚ್ಚರವಾದಾಗ ಮೂಗು ಪೂರ್ತಿ ಕಟ್ಟಿರುತ್ತದೆ, ಬಾಯಿಂದ ಉಸಿರಾಡಬೇಕು, ಈಗಲೇ ಮೂಗು ಹಿಡಿದುಕೊಂಡು ನೀರು ನುಂಗಿ ನೋಡಿ' ಎಂದರು. ನುಂಗಿದಾಗ ಎರಡೂ ಕಿವಿಗಳು ಒಳಕ್ಕೆ ಎಳೆದ ಹಾಗಾಯಿತು. ಮೂಗು ಮುಚ್ಚಿ ನುಂಗಿದರೆ ಮೂಗಿನ ಹಿಂಭಾಗದಲ್ಲಿ ಒತ್ತಡ ಬದಲಾಗಿ ಅದು ಕಿವಿಗೆ ತಲುಪುತ್ತದೆ. ಇದನ್ನು ಮೊದಲೇ ಅನುಭವಿಸಿರದಿದ್ದರೆ ಆ ರಾತ್ರಿ ನಾನು ಖಂಡಿತ ಹೆದರುತ್ತಿದ್ದೆ.

ಶಸ್ತ್ರಚಿಕಿತ್ಸೆ ನಡೆದದ್ದು ಪೂರ್ಣ ಅರಿವಳಿಕೆಯಲ್ಲಿ. ಕೈಯ ನಾಳದಲ್ಲಿ ತಣ್ಣನೆ ಏರಿದ್ದು ನೆನಪಿದೆ, ಆಮೇಲೆ ಏನೂ ಇಲ್ಲ. ಒಳಗೆ ಏನು ಮಾಡಿದರು ಎಂಬುದನ್ನು ನಂತರ ಕೇಳಿ ತಿಳಿದುಕೊಂಡೆ. ಹೊರಗೆ ಎಲ್ಲೂ ಗಾಯವಿಲ್ಲ. ಎಲ್ಲವೂ ಹೊಳ್ಳೆಯ ಒಳಗಿನಿಂದಲೇ. ರಕ್ತನಾಳ ಕುಗ್ಗಿಸುವ ಔಷಧ ಬೆರೆತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಪೊರೆಯಲ್ಲಿ ಸಣ್ಣ ಗೀರು ಹಾಕಿ, ಪುಸ್ತಕಕ್ಕೆ ಹಾಕಿದ ಹೊದಿಕೆಯನ್ನು ಹರಿಯದಂತೆ ಬಿಡಿಸುವ ಹಾಗೆ ಪೊರೆಯನ್ನು ಗೋಡೆಯಿಂದ ಬಿಡಿಸುತ್ತಾರೆ. ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಘಟ್ಟ ಇದೇ. ಎರಡೂ ಬದಿಯ ಪೊರೆ ಎದುರುಬದುರು ಒಂದೇ ಜಾಗದಲ್ಲಿ ಹರಿದರೆ ಮುಂದೆ ಅಲ್ಲಿ ತೂತು ಉಳಿಯಬಹುದು. ಪೊರೆ ಸರಿಸಿದ ಮೇಲೆ ತಳದ ಮೊನೆಯನ್ನು ತೆಗೆದು, ಮೃದ್ವಸ್ಥಿಯ ಬಾಗಿದ ಭಾಗವನ್ನು ಸರಿಪಡಿಸಿ ನಡುವಿಗೆ ಕೂರಿಸಿದರು. ಎಡಗಡೆಯ ಟರ್ಬಿನೇಟನ್ನು ಒಳಗಿನಿಂದ ಸ್ವಲ್ಪ ಕುಗ್ಗಿಸಿದರು, ಮೇಲಿನ ಪೊರೆ ಉಳಿಸಿಕೊಂಡರು. ಕೊನೆಗೆ ಎರಡು ಪೊರೆಗಳ ನಡುವೆ ರಕ್ತ ನಿಲ್ಲದಂತೆ ತಾನಾಗಿ ಕರಗುವ ದಾರದಿಂದ ಅತ್ತಿಂದಿತ್ತ ಹೊಲಿದು, ಎರಡೂ ಕಡೆ ಆಸರೆಗೆ ಸಿಲಿಕೋನ್ ಪಟ್ಟಿ, ಅಂದರೆ ಸ್ಪ್ಲಿಂಟ್ ಇಟ್ಟರು.

ಎಚ್ಚರವಾದಾಗ ಮೊದಲು ಗೊತ್ತಾದದ್ದು ಗಂಟಲು ನೋವು. ಉಸಿರಿನ ಕೊಳವೆ ಹಾಕಿದ್ದರ ಪರಿಣಾಮ ಅದು. ಮೂಗಿನಲ್ಲಿ ಚುಚ್ಚುವ ನೋವು ಇರಲೇ ಇಲ್ಲ. ಹುಬ್ಬುಗಳ ನಡುವೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂಥ ಭಾರ. ಮೂಗಿನ ಕೆಳಗೆ ಹತ್ತಿಬಟ್ಟೆಯ ಪಟ್ಟಿ ಕಟ್ಟಿದ್ದರು, ಅದು ಕೆಂಪಾದಂತೆಲ್ಲ ಬದಲಿಸುತ್ತಿದ್ದರು. ಕಣ್ಣೀರು ಸುಮ್ಮಸುಮ್ಮನೆ ಕೆನ್ನೆಗೆ ಇಳಿಯುತ್ತಿತ್ತು, ಏಕೆಂದರೆ ಕಣ್ಣೀರಿನ ನಾಳ ತೆರೆದುಕೊಳ್ಳುವುದು ಕೆಳಗಿನ ಟರ್ಬಿನೇಟಿನ ಅಡಿಯಲ್ಲಿ, ಆ ದಾರಿ ಊತದಿಂದ ಮುಚ್ಚಿರುತ್ತದೆ.

ಮೊದಲ ರಾತ್ರಿಯೇ ಅತ್ಯಂತ ಕಷ್ಟದ್ದು. ನೋವಿನಿಂದ ಅಲ್ಲ. ನಿದ್ದೆ ಹತ್ತುವ ಹೊತ್ತಿಗೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ಸಿಗದೆ ದೇಹ ಬೆಚ್ಚಿ ಏಳಿಸುತ್ತದೆ. ಮತ್ತೆ ಹತ್ತುತ್ತದೆ, ಮತ್ತೆ ಏಳಿಸುತ್ತದೆ. ಒರಗು ದಿಂಬುಗಳನ್ನು ಜೋಡಿಸಿ ಅರ್ಧ ಕುಳಿತೇ ಮಲಗಿದೆ. ತಲೆ ಎತ್ತರದಲ್ಲಿದ್ದರೆ ಊತವೂ ರಕ್ತ ಒಸರುವುದೂ ಕಡಿಮೆ. ಪಕ್ಕದಲ್ಲಿ ನೀರಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿದೆ, ತುಟಿಗೆ ವ್ಯಾಸಲೀನ್ ಹಚ್ಚಿದೆ. ಊಟದ ರುಚಿ ಹೊರಟೇಹೋಗಿತ್ತು. ನಾಲಿಗೆಗೆ ಉಪ್ಪು, ಸಿಹಿ, ಹುಳಿ ಗೊತ್ತಾಗುತ್ತಿತ್ತು, ಆದರೆ ತಿನ್ನುವುದು ಇಂಥದ್ದೇ ಎಂದು ಹೇಳುವ ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತಿರಲಿಲ್ಲ. ಈ ರಾತ್ರಿಗಳ ಬಗ್ಗೆ ಮೊದಲೇ ತಿಳಿದವರಿಗೆ ಅರ್ಧ ಭಾರ ಇಳಿಯುತ್ತದೆ ಎಂದು ನಂಬಿ ಇಷ್ಟು ಬರೆಯುತ್ತಿದ್ದೇನೆ. ದಿನ ಕಳೆದಂತೆ ಇದು ಖಂಡಿತ ಹಗುರಾಗುತ್ತದೆ.

ಆ ವಾರದ ನಿಯಮಗಳು ಕಟ್ಟುನಿಟ್ಟಿನವು. ಮೂಗು ಸೀಟಬಾರದು. ಸೀನು ಬಂದರೆ ತಡೆಯಬಾರದು, ಬಾಯಿ ತೆರೆದು ಸೀನಬೇಕು. ಬಗ್ಗಿ ಭಾರ ಎತ್ತಬಾರದು, ಮಲವಿಸರ್ಜನೆಗೆ ತಿಣುಕಬಾರದು. ಮುಂಬಲ್ಲುಗಳೂ ಮೇಲೊಸಡೂ ಮರಗಟ್ಟಿದ್ದವು, ಹಲ್ಲುಜ್ಜುವಾಗ ಬೇರೆಯವರ ಹಲ್ಲು ಉಜ್ಜಿದ ಹಾಗೆ. ನಡುಗೋಡೆಯ ತಳದಲ್ಲಿ ಹಾದು ಅಂಗಳಕ್ಕೆ ಇಳಿಯುವ ನರಕ್ಕೆ ಪೆಟ್ಟಾದಾಗ ಹೀಗಾಗುತ್ತದೆ. ನನಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಯಿತು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. ಕಡಿಮೆಯಾಗುತ್ತ ಬಂದ ನೋವು ಏಕಾಏಕಿ ಏರಿ, ಮೂಗಿನ ಎರಡೂ ಕಡೆ ಬಿಗಿಯಾಗಿ ಕಟ್ಟಿ, ಜ್ವರ ಬಂದರೆ ಮರುದಿನದವರೆಗೆ ಕಾಯದೆ ವೈದ್ಯರ ಬಳಿ ಹೋಗಬೇಕು. ಪೊರೆ ಮತ್ತು ಮೃದ್ವಸ್ಥಿಯ ನಡುವೆ ರಕ್ತ ಕಟ್ಟಿರಬಹುದು. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಅದು ಬದುಕುವುದು ಮೇಲೆ ಅಂಟಿರುವ ಪೊರೆಯಿಂದ. ಆ ಪೊರೆ ರಕ್ತದಿಂದ ಎದ್ದು ದೂರವಾದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸಾಯತೊಡಗುತ್ತದೆ. ಮೂಗಿಗೆ ಜೋರಾಗಿ ಪೆಟ್ಟು ಬಿದ್ದ ಮಕ್ಕಳಲ್ಲೂ ಇದೇ ಅಪಾಯ ಇರುತ್ತದೆ.

ಮೂಗು ತೊಳೆಯುವುದು ದಿನಕ್ಕೆ ಹಲವು ಸಲ. ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು ಮಾತ್ರ, ನಲ್ಲಿಯ ನೀರು ಹಾಗೇ ಬೇಡ ಎಂದು ನರ್ಸ್ ಖಡಾಖಂಡಿತ ಹೇಳಿದ್ದರು. ನಿಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿದರೆ ಬದುಕುಳಿಯುವವರು ತೀರಾ ವಿರಳ. ಅದೇ ನೀರನ್ನು ಕುಡಿದರೆ ಆ ಸೋಂಕು ಬರುವುದಿಲ್ಲ, ಮೂಗಿಗೆ ಏರಿದರೆ ಬರಬಹುದು. ಅಪರೂಪದ ಸಂಗತಿ ನಿಜ, ಆದರೆ ನೀರು ಕುದಿಸುವುದು ಎಷ್ಟರ ಕೆಲಸ?

ವಾರದ ಕೊನೆಗೆ ಸ್ಪ್ಲಿಂಟ್ ತೆಗೆದರು. ಹೊಲಿಗೆ ಕತ್ತರಿಸಿ, ಚಿಮಟದಿಂದ ಹಿಡಿದು ಎಳೆದಾಗ ಇಷ್ಟುದ್ದದ್ದು ನನ್ನ ಮೂಗಿನಲ್ಲಿ ಹೇಗಿತ್ತು ಎಂದು ಬೆರಗಾಯಿತು. ನೋವಿಗಿಂತ ವಿಚಿತ್ರವೆನಿಸುವ ಜಾರುವಿಕೆ. ಮರುಕ್ಷಣ ಬಲ ಹೊಳ್ಳೆಯೊಳಕ್ಕೆ ಗಾಳಿ ನುಗ್ಗಿತು, ತಣ್ಣಗೆ, ಹುಬ್ಬಿನವರೆಗೂ. ಆ ತಣ್ಣನೆಯೇ ಉಸಿರಿನ ಅನುಭವ. ಎಷ್ಟು ಗಾಳಿ ಬಂತೆಂದು ಮೂಗು ನೇರವಾಗಿ ಅಳೆಯುವುದಿಲ್ಲ. ಹರಿಯುವ ಗಾಳಿ ಪೊರೆಯನ್ನು ತಂಪು ಮಾಡುತ್ತದೆ, ತಂಪನ್ನು ಗುರುತಿಸುವ ನರಗಳು ಅದನ್ನು ಮಿದುಳಿಗೆ ತಿಳಿಸುತ್ತವೆ. ಮೆಂಥಾಲ್ ಮೂಸಿದಾಗ ಮೂಗು ತೆರೆದಂತೆ ಅನ್ನಿಸುವುದೂ ಇದೇ ಕಾರಣಕ್ಕೆ. ದಾರಿ ಒಂದು ಕೂದಲೆಳೆಯಷ್ಟೂ ಅಗಲವಾಗಿರುವುದಿಲ್ಲ, ಆ ನರಗಳು ಮಾತ್ರ ಎಚ್ಚರಗೊಂಡಿರುತ್ತವೆ. ಬಲಗಡೆಯ ಆ ನರಗಳಿಗೆ ಇಷ್ಟು ವರ್ಷ ಕೆಲಸವೇ ಇರಲಿಲ್ಲವೇನೋ. ಕುರ್ಚಿಯಲ್ಲಿ ಕುಳಿತು ಸುಮ್ಮನೆ ಉಸಿರೆಳೆಯುತ್ತ ಹೋದೆ, ಮಾತು ಬರಲಿಲ್ಲ.

ವೈದ್ಯರು ಅಲ್ಲೇ ಎಚ್ಚರಿಸಿದರು: 'ಇದನ್ನು ನಂಬಬೇಡಿ, ನಾಳೆ ಮತ್ತೆ ಕಟ್ಟುತ್ತದೆ.' ಹಾಗೆಯೇ ಆಯಿತು. ಒಳಗೆ ಊತ, ಗಟ್ಟಿ ಹಕ್ಕಳೆಗಳು, ಹಳೆಯ ರಕ್ತದ ಬಣ್ಣದ ಸಿಂಬಳ. ವಾರಗಟ್ಟಲೆ ಕೆಲವು ದಿನ ತೆರೆದು ಕೆಲವು ದಿನ ಮುಚ್ಚಿತು. ಹಕ್ಕಳೆಯನ್ನು ಬೆರಳಿನಿಂದ ಕೀಳುವ ಆಸೆಯನ್ನು ಹತ್ತಿಕ್ಕುವುದು ಸಣ್ಣ ತಪಸ್ಸಲ್ಲ, ಆದರೆ ಕಿತ್ತರೆ ರಕ್ತ ಬರುತ್ತದೆ, ವಾಸಿಯಾಗುತ್ತಿರುವ ಪೊರೆಗೂ ಹಾನಿ. ನೀರು ಬಿಟ್ಟು ನೆನೆಸಿದರೆ ತಾನೇ ಬಿಡುತ್ತದೆ. ಪೊರೆ ಪೂರ್ತಿ ಮಾಗಲು ಮೂರರಿಂದ ಆರು ತಿಂಗಳು ಬೇಕು. ಮೊದಲ ತಿಂಗಳಲ್ಲೇ ಫಲಿತಾಂಶದ ತೀರ್ಪು ಕೊಡುವುದು ಆ ಮೂಗಿಗೆ ಮಾಡುವ ಅನ್ಯಾಯ.

ಬದಲಾವಣೆ ಮೊದಲು ಕಂಡದ್ದು ನಿದ್ದೆಯಲ್ಲಿ. ಬೆಳಗ್ಗೆ ಬಾಯಿ ಒಣಗಿರಲಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ, ಬಾಯಿ ಮುಚ್ಚಿಕೊಂಡೇ ಹತ್ತಿ ಮುಗಿಸಿದೆ ಎಂದು ಮೇಲೆ ನಿಂತ ಮೇಲೆ ಗೊತ್ತಾಯಿತು. ಗೊರಕೆ ತಗ್ಗಿದೆ, ನಿಂತಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು 'ನೋಸ್' ಎಂಬ ಐದು ಪ್ರಶ್ನೆಗಳ ಪಟ್ಟಿ ತುಂಬಿಸಿಕೊಂಡಿದ್ದರು: ಮೂಗು ಬಿಗಿಯುವುದು, ಕಟ್ಟುವುದು, ಉಸಿರಾಟದ ಕಷ್ಟ, ನಿದ್ದೆ, ದುಡಿಮೆ ವ್ಯಾಯಾಮದ ಹೊತ್ತಿನ ಉಸಿರು. ಇದರ ಅಂಕ ಸೊನ್ನೆಯಿಂದ ನೂರರವರೆಗೆ, ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಆರು ತಿಂಗಳ ನಂತರ ಅದೇ ಪಟ್ಟಿಯನ್ನು ಮತ್ತೆ ತುಂಬಿದಾಗ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯ ಹಾಳೆಯಲ್ಲಿ ಗುರುತುಗಳೆಲ್ಲ ಬಲ ತುದಿಯಲ್ಲಿದ್ದವು. ಇಂಥ ಪಟ್ಟಿಯನ್ನು ಮೊದಲೇ ತುಂಬಿಡುವುದು ಒಳ್ಳೆಯದು, ಏಕೆಂದರೆ ಸುಖಕ್ಕೆ ಒಗ್ಗಿಕೊಂಡ ಮನಸ್ಸು ಹಿಂದಿನ ಕಷ್ಟವನ್ನು ಬೇಗ ಮರೆಯುತ್ತದೆ.

ನಡುವೆ ಒಂದು ದಿನ ಆತಂಕವೂ ಆಯಿತು. ಬೆಳಗ್ಗೆ ಚೆನ್ನಾಗಿದ್ದ ಬಲಗಡೆ ಮಧ್ಯಾಹ್ನ ಬಿಗಿಯಿತು. ಗೋಡೆ ಮತ್ತೆ ಬಾಗಿತೇ ಎಂದು ವೈದ್ಯರನ್ನು ಕೇಳಿದೆ. ಮೃದ್ವಸ್ಥಿಗೆ ತನ್ನ ಹಳೆಯ ಬಾಗಿಗೆ ಮರಳುವ ಗುಣ ಸ್ವಲ್ಪ ಇರುವುದು ನಿಜ. ಆದರೆ ಸಂಜೆಗೆ ಬಲಗಡೆ ತೆರೆದು ಎಡಗಡೆ ಬಿಗಿಯಿತೇ ಎಂದು ಅವರು ಕೇಳಿದರು. ಹೌದು, ಹಾಗೇ ಆಗಿತ್ತು. ಮೂಗಿನ ಚಕ್ರ ಅದು. ಒಂದು ಕಡೆ ಸದಾ ಮುಚ್ಚಿಯೇ ಇದ್ದವರಿಗೆ ಆ ಅದಲುಬದಲು ಅನುಭವಕ್ಕೆ ಬರುವುದಿಲ್ಲ. ನನಗೆ ಬಂದದ್ದು ಆಗಲೇ ಮೊದಲು.

ಅಲರ್ಜಿ ಎಲ್ಲೂ ಹೋಗಿಲ್ಲ. ಧೂಳಿನ ದಿನಗಳಲ್ಲಿ ಸೀನು ಬರುತ್ತದೆ, ಟರ್ಬಿನೇಟುಗಳು ಊದುತ್ತವೆ, ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರು ಮುಂದುವರಿದಿವೆ. ಈಗ ಆ ಸ್ಪ್ರೇ ಎರಡೂ ಕಡೆ ಒಳಗಿನವರೆಗೂ ತಲುಪುತ್ತದೆ. ಮೊದಲು ಬಲಗಡೆ ಬಾಗಿದ ಗೋಡೆಗೆ ಬಡಿದು ಹೊರಗೇ ಸುರಿದುಹೋಗುತ್ತಿತ್ತು. ಮುಂದಿನ ತಪಾಸಣೆ ವರ್ಷಕ್ಕೊಮ್ಮೆ ಸಾಕು ಎಂದಿದ್ದಾರೆ.